ಆಡಿದನಾ, ಬಿಟ್ಟನಾ?

ಜುಲೈ ತಿಂಗಳಲ್ಲಿ ಮಂಗಳೂರಿನ ಹಂಚಿನ ಮನೆಯೊಳಗೆ ಕೂತು ಟಿವಿ ನೋಡುವುದೆಂದರೆ ಬರೀ ಚಿತ್ರ ನೋಡುವುದು. ಮಳೆ ಜಡಿಯತೊಡಗಿದರೆ ಸ್ವರ ಎಷ್ಟು ಏರಿಸಿದರೂ ಕಾಮೆಂಟರಿ ಕೇಳಿಸುವುದಿಲ್ಲ. 2025ರ ಜುಲೈ 26ರ ಶನಿವಾರ ಸಂಜೆಯೂ ಹಾಗೇ ಇತ್ತು. ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್‌ನಲ್ಲಿ ನಾಲ್ಕನೆಯ ಟೆಸ್ಟಿನ ನಾಲ್ಕನೆಯ ದಿನ. ಭಾರತದ 358ಕ್ಕೆ ಉತ್ತರವಾಗಿ ಇಂಗ್ಲೆಂಡ್ 669 ಹೊಡೆದು ಮುಗಿಸಿತ್ತು. 311 ರನ್ ಹಿಂದೆ ಬಿದ್ದ ನಮ್ಮವರು ಎರಡನೆಯ ಇನಿಂಗ್ಸ್ ಶುರು ಮಾಡಿದ್ದೇ ತಡ, ಕ್ರಿಸ್ ವೋಕ್ಸ್ ಮೊದಲ ಓವರಿನಲ್ಲೇ ಯಶಸ್ವಿ ಜೈಸ್ವಾಲ್ ಮತ್ತು ಸಾಯಿ ಸುದರ್ಶನ್ ಇಬ್ಬರನ್ನೂ ವಾಪಸ್ ಕಳಿಸಿದ. ಸ್ಕೋರು ಸೊನ್ನೆಗೆ ಎರಡು.

"ಈಗ ಯಾರು?" ಅಪ್ಪ ಕೇಳಿದರು.

"ಗಿಲ್ ಬಂದ. ಆಚೆ ತುದಿಯಲ್ಲಿ ರಾಹುಲ್ ಇದ್ದಾನೆ."

"ಸರಿ. ಹೇಳುತ್ತಾ ಹೋಗು."

ಅಪ್ಪನಿಗೆ 71 ವರ್ಷ. ಎಡಗಣ್ಣು ಹಿಂದಿನಿಂದಲೂ ಮಂದ. ಬಲಗಣ್ಣಿನ ನಡುವಿನ ದೃಷ್ಟಿ ಕಳೆದ ವರ್ಷ ಹೋಯಿತು. ಟಿವಿ ಇರುವುದು ಅವರಿಗೆ ಗೊತ್ತಾಗುತ್ತದೆ, ಹುಲ್ಲಿನ ಹಸಿರು ಗೊತ್ತಾಗುತ್ತದೆ, ಬದಿಯಲ್ಲಿ ಯಾರಾದರೂ ಓಡಿದರೆ ಅದೂ ಗೊತ್ತಾಗುತ್ತದೆ. ಆದರೆ ಎಲ್ಲಿ ದಿಟ್ಟಿಸಿ ನೋಡುತ್ತಾರೋ ಅಲ್ಲಿಯೇ ಒಂದು ಬೂದು ಮಚ್ಚೆ. ಬೌಲರ್ ಓಡಿ ಬರುವುದು ಕಾಣುತ್ತದೆ, ಚೆಂಡು ಕಾಣುವುದಿಲ್ಲ. ಹಾಗಾಗಿ ಪ್ರತಿ ಎಸೆತ ಮುಗಿದ ಮೇಲೂ ಅವರದ್ದು ಒಂದೇ ಪ್ರಶ್ನೆ: "ಆಡಿದನಾ, ಬಿಟ್ಟನಾ?"

ನಮ್ಮ ಮನೆಮಾತು ತುಳು. ಇಲ್ಲಿ ಬರೆದಿರುವುದು ಅದರ ಕನ್ನಡ. ತುಳುವಿನಲ್ಲಿ ಈ ಪ್ರಶ್ನೆ ಇನ್ನೂ ಚಿಕ್ಕದು, ಒಂದೇ ಉಸಿರಿನಲ್ಲಿ ಮುಗಿಯುತ್ತದೆ. ಐದು ದಿನದ ಪಂದ್ಯದಲ್ಲಿ ಅದನ್ನು ಎಷ್ಟು ಸಲ ಕೇಳಿಸಿಕೊಂಡೆನೆಂದು ಲೆಕ್ಕವಿಟ್ಟಿಲ್ಲ.

ಈ ಕೆಲಸ ಶುರುವಾದದ್ದು ಅದೇ ಸರಣಿಯ ಮೊದಲ ಟೆಸ್ಟಿನಲ್ಲಿ, ಜೂನ್ ತಿಂಗಳ ಲೀಡ್ಸ್ ಪಂದ್ಯದಲ್ಲಿ. ಮೊದಲ ದಿನ ನಾನು ಎಲ್ಲರ ಹಾಗೆ ಬೌಂಡರಿ ಬಂದಾಗ ಮಾತ್ರ ಬಾಯಿ ತೆರೆಯುತ್ತಿದ್ದೆ. ನಾಲ್ಕು ಹೋಯಿತು, ಔಟಾಯಿತು, ಜಸ್ಟ್ ಮಿಸ್, ಇಷ್ಟೇ. ನಡುವೆ ಫೋನ್ ನೋಡುತ್ತಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದ ಅಪ್ಪ ಕೇಳಿದರು, "ಈಗ ಎಂತ ಆಗ್ತಾ ಉಂಟು?"

"ಎಂತದೂ ಇಲ್ಲ, ಅಪ್ಪ. ಬಿಡ್ತಾ ಇದ್ದಾನೆ."

"ಅದನ್ನೇ ಹೇಳು ಮಾರಾಯ. ಎಲ್ಲಿಂದ ಬಿಟ್ಟ, ಎಷ್ಟು ಹತ್ತಿರದಿಂದ ಬಿಟ್ಟ, ಅದು ಹೇಳು."

ಏನೂ ಆಗದಿದ್ದುದನ್ನು ವರ್ಣಿಸುವುದು ಎಷ್ಟು ಕಷ್ಟ ಎಂದು ನನಗೆ ತಿಳಿದದ್ದು ಆಗಲೇ. ಹೊಡೆತಗಳಿಗೆ ಹೆಸರಿದೆ: ಡ್ರೈವ್, ಕಟ್, ಪುಲ್, ಸ್ವೀಪ್. ಬಿಟ್ಟದ್ದಕ್ಕೆ ಬಿಟ್ಟದ್ದು ಎಂಬ ಒಂದೇ ಮಾತು. ಸ್ಕೋರ್ ಪುಸ್ತಕದಲ್ಲಿ ಅದೊಂದು ಚುಕ್ಕೆ. ಗಾಬರಿಯಿಂದ ಬ್ಯಾಟ್ ಬೀಸಿ ತಪ್ಪಿಸಿಕೊಂಡದ್ದಕ್ಕೂ ಅದೇ ಚುಕ್ಕೆ, ನೋಡಿ ಅಳೆದು ಬಿಟ್ಟದ್ದಕ್ಕೂ ಅದೇ ಚುಕ್ಕೆ. ಆ ಎರಡರ ನಡುವಿನ ವ್ಯತ್ಯಾಸವನ್ನು ಕಣ್ಣು ಕಾಣದ ಒಬ್ಬರಿಗೆ ಹೇಳಬೇಕಾದರೆ ಮೊದಲು ನಾನು ಅದನ್ನು ನೋಡಬೇಕಿತ್ತು. ಮೂವತ್ತು ವರ್ಷ ಕ್ರಿಕೆಟ್ ನೋಡಿದ್ದರೂ ಅದನ್ನು ನಾನು ನೋಡಿಯೇ ಇರಲಿಲ್ಲ.

ನೋಡದೆ ಇದ್ದುದಕ್ಕೆ ಒಂದು ಹಳೆಯ ಕಾರಣವೂ ಇದೆ.

ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದ ಪಕ್ಕದ ನೆಹರೂ ಮೈದಾನವನ್ನು ಮಂಗಳೂರಿನವರೆಲ್ಲ ಕಂಡಿರುತ್ತಾರೆ. ಒಂದೇ ಮೈದಾನದಲ್ಲಿ ನಾಲ್ಕಾರು ಆಟ ಒಟ್ಟಿಗೆ ನಡೆಯುತ್ತವೆ. ಒಂದು ತಂಡದ ಮಿಡ್ ಆನ್ ಮತ್ತೊಂದು ತಂಡದ ಸ್ಲಿಪ್‌ಗೆ ಬೆನ್ನು ಹಾಕಿ ನಿಂತಿರುತ್ತಾನೆ. ಕೆಂಪು ಮಣ್ಣಿನ ಮೇಲೆ ಮ್ಯಾಟ್ ಹಾಸಿ ನಾವು ಆಡುತ್ತಿದ್ದೆವು. ಮ್ಯಾಟ್ ಮೇಲೆ ಚೆಂಡು ಎತ್ತರಕ್ಕೆ ಪುಟಿಯುತ್ತದೆ, ಹೊರಗಿನ ಚೆಂಡು ಕಣ್ಣ ಮಟ್ಟಕ್ಕೆ ಬಂದು ಹೊಡೆ ಹೊಡೆ ಎನ್ನುತ್ತದೆ. ನನಗೆ ಹದಿನಾರು ವರ್ಷವಾಗಿದ್ದಾಗ ಅಲ್ಲಿ ಒಂದು ಆಯ್ಕೆ ಪಂದ್ಯವಿತ್ತು. ಅಪ್ಪ ಬ್ಯಾಂಕಿನಿಂದ ಅರ್ಧ ದಿನ ರಜೆ ಹಾಕಿ, ಬುತ್ತಿಯ ಚೀಲ ಹಿಡಿದುಕೊಂಡೇ ಬಂದು, ಕೊಡೆ ಬಿಡಿಸಿ ಮೆಟ್ಟಿಲಲ್ಲಿ ಕೂತಿದ್ದರು. ನಾನು ಆಡಿದ್ದು ಏಳು ಎಸೆತ. ಏಳನೆಯದು ಆಫ್ ಸ್ಟಂಪಿನಿಂದ ಒಂದು ಮಾರು ಹೊರಗಿತ್ತು. ಬ್ಯಾಟ್ ಬೀಸಿದೆ. ಸ್ಲಿಪ್‌ನಲ್ಲಿ ಕ್ಯಾಚು.

ಬಸ್ಸಿನಲ್ಲಿ ಮನೆಗೆ ಬರುವಾಗ ಅಪ್ಪ ಹೇಳಿದ್ದು ಒಂದೇ ಮಾತು: "ಅದನ್ನು ಬಿಡಬಹುದಿತ್ತು."

ಅವರು ಬೈದಿರಲಿಲ್ಲ. ಆದರೆ ನನಗೆ ಬೈದ ಹಾಗೇ ಕೇಳಿಸಿತು. "ನಿಮಗೆ ಆಡ್ಲಿಕ್ಕೆ ಗೊತ್ತುಂಟಾ?" ಎಂದು ಬಸ್ಸಿನಲ್ಲೇ ಕಿರುಚಿದೆ. ಮತ್ತೆ ಮೈದಾನಕ್ಕೆ ಹೋಗಲಿಲ್ಲ. ಅಪ್ಪನೂ ಮತ್ತೆ ಆ ವಿಷಯ ಎತ್ತಲಿಲ್ಲ. ನನಗೆ ಅಂದಿನಿಂದ ಬಿಡುವುದೆಂದರೆ ಹೇಡಿತನ ಎಂಬ ಹಟ. ಸೆಹ್ವಾಗ್ ಆಡುವಾಗ ಕೂಗುತ್ತಿದ್ದೆ. ದ್ರಾವಿಡ್ ಕೈ ಎತ್ತಿ ಚೆಂಡನ್ನು ಕೀಪರಿಗೆ ಬಿಟ್ಟಾಗ ಅಪ್ಪ "ಆಹಾ" ಎನ್ನುತ್ತಿದ್ದರು, ನಾನು ಅಡುಗೆಮನೆಗೆ ಎದ್ದು ಹೋಗುತ್ತಿದ್ದೆ.

ಅದೇ ನೆಹರೂ ಮೈದಾನದಲ್ಲಿ ಕೋಚ್ ಸ್ಯಾಮ್ಯುಯೆಲ್ ಜಯರಾಜ್ ಅವರ ಕೈಯಲ್ಲಿ ಕಲಿತವನು ಕೆ.ಎಲ್. ರಾಹುಲ್. ಬೆಳೆದದ್ದು ಸುರತ್ಕಲ್‌ನ ಎನ್‌ಐಟಿಕೆ ಕ್ಯಾಂಪಸ್ಸಿನಲ್ಲಿ. ತಂದೆ ಕೆ.ಎನ್. ಲೋಕೇಶ್ ಅಲ್ಲಿ ಪ್ರಾಧ್ಯಾಪಕರು, ತಾಯಿ ರಾಜೇಶ್ವರಿ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ. ನನಗಿಂತ ಮೂರು ವರ್ಷ ಸಣ್ಣವನು. ಅವನ ಜತೆ ಆಡಿದ್ದೇವೆ ಎನ್ನುವವರು ಈಗ ಮಂಗಳೂರಿನಲ್ಲಿ ಓಣಿಗೊಬ್ಬರಿದ್ದಾರೆ. ನನಗೆ ಅವನನ್ನು ಕಂಡ ನೆನಪಿಲ್ಲ. ಊರಿನ ಹುಡುಗನಾದ್ದರಿಂದ ಏಕವಚನ ಬಂತು, ಅಷ್ಟೇ ಸಲಿಗೆ.

ಹದಿನೆಂಟಕ್ಕೆ ಬೆಂಗಳೂರು ಸೇರಿದ ರಾಹುಲ್ 2014ರ ಡಿಸೆಂಬರ್ 26ರಂದು ಮೆಲ್ಬರ್ನ್‌ನಲ್ಲಿ ಮೊದಲ ಟೆಸ್ಟ್ ಆಡಿದ. ಮೊದಲ ಇನಿಂಗ್ಸಿನಲ್ಲಿ 3, ಎರಡನೆಯದರಲ್ಲಿ 1. ಎರಡೂ ಸಲ ಹೊಡೆಯಲು ಹೋಗಿಯೇ ಔಟಾದದ್ದು. ಮುಂದಿನ ಪಂದ್ಯದಲ್ಲಿ ಸಿಡ್ನಿಯಲ್ಲಿ ಆರಂಭಿಕನಾಗಿ ಇಳಿದು 110. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ 199ಕ್ಕೆ ಔಟು. 2018ರಲ್ಲಿ ಓವಲ್‌ನಲ್ಲಿ 149. ನಡುನಡುವೆ ಒಂದಂಕಿ, ಎರಡಂಕಿಗಳ ಸಾಲು. 2019ರಲ್ಲಿ ಟೆಸ್ಟ್ ತಂಡದಿಂದ ಹೊರಬಿದ್ದ. ಪ್ರತಿಭೆ ಇದೆ, ತಾಳ್ಮೆ ಇಲ್ಲ ಎಂದು ಎಲ್ಲರೂ ಹೇಳುತ್ತಿದ್ದ ಕಾಲ ಅದು. ನಮ್ಮ ಮನೆಯಲ್ಲಿ ಅಪ್ಪ ಮಾತ್ರ "ಕಲೀತಾನೆ, ಬಿಡು" ಎನ್ನುತ್ತಿದ್ದರು.

ವಾಪಸ್ ಬಂದದ್ದೂ ಬೇರೆಯವರ ದುರದೃಷ್ಟದಿಂದ. 2021ರ ಆಗಸ್ಟ್‌ನಲ್ಲಿ ನಾಟಿಂಗ್‌ಹ್ಯಾಮ್ ಟೆಸ್ಟಿನ ಮೊದಲು ನೆಟ್ಸಿನಲ್ಲಿ ಮಯಂಕ್ ಅಗರ್‌ವಾಲ್ ತಲೆಗೆ ಚೆಂಡು ಬಡಿಯಿತು. ಆ ಜಾಗಕ್ಕೆ ರಾಹುಲ್. 214 ಎಸೆತ ಆಡಿ 84 ಮಾಡಿದ. ಮುಂದಿನ ವಾರ ಲಾರ್ಡ್ಸ್‌ನಲ್ಲಿ 250 ಎಸೆತಕ್ಕೆ 129. ಜೇಮ್ಸ್ ಆಂಡರ್ಸನ್ ಹಾಕಿದ ಹೊರಗಿನ ಚೆಂಡುಗಳನ್ನು ಒಂದಾದ ಮೇಲೊಂದು ಬಿಡುತ್ತಾ ಹೋದ. ಹೊಡೆಯಬಲ್ಲವನು ಹೊಡೆಯದೆ ನಿಂತದ್ದು ಎಲ್ಲರ ಕಣ್ಣಿಗೆ ಬಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ಸೆಂಚುರಿಯನ್‌ನಲ್ಲಿ 123. 2025ರ ಇಂಗ್ಲೆಂಡ್ ಸರಣಿ ಮುಗಿಯುವ ಹೊತ್ತಿಗೆ ಅವನ ಹೆಸರಿನಲ್ಲಿ ಇದ್ದ 10 ಟೆಸ್ಟ್ ಶತಕಗಳಲ್ಲಿ 9 ವಿದೇಶದಲ್ಲಿ ಬಂದವು. ಚೆಂಡು ಎಲ್ಲಿ ಹೆಚ್ಚು ಹೊರಳುತ್ತದೋ, ಎಲ್ಲಿ ಬಿಡುವುದು ಹೆಚ್ಚು ಬೇಕೋ, ಅಲ್ಲಿ.

ಬಿಡುವುದೆಂದರೆ ಸುಮ್ಮನಿರುವುದಲ್ಲ. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಬ್ಯಾಟ್ಸ್‌ಮನ್ ಬಳಿ ಬರಲು ಹೆಚ್ಚುಕಡಿಮೆ ಅರ್ಧ ಸೆಕೆಂಡು ಸಾಕು. ಅಷ್ಟರಲ್ಲಿ ಅದು ಎಲ್ಲಿ ಬೀಳುತ್ತದೆ, ಒಳಗೆ ಬರುತ್ತದಾ, ಹೊರಗೆ ಹೋಗುತ್ತದಾ, ಎಷ್ಟು ಎತ್ತರ ಏಳುತ್ತದೆ ಎಂದು ತೀರ್ಮಾನವಾಗಬೇಕು. ಮೂರು ಸ್ಟಂಪುಗಳ ಒಟ್ಟು ಅಗಲ 9 ಇಂಚು. ಬ್ಯಾಟ್ಸ್‌ಮನ್ ಅದಕ್ಕೆ ಬೆನ್ನು ಹಾಕಿ ನಿಂತಿರುತ್ತಾನೆ. ತನ್ನ ಬೆನ್ನ ಹಿಂದಿನ ಆಫ್ ಸ್ಟಂಪ್ ಎಲ್ಲಿದೆ ಎಂಬುದು ಅವನ ಪಾದಕ್ಕೆ, ತಲೆಗೆ ಗೊತ್ತಿರಬೇಕು. ಅದು ಗೊತ್ತಿದ್ದವನು ಮಾತ್ರ ಬಿಡಬಲ್ಲ. ಗೊತ್ತಿಲ್ಲದವನು ಎರಡು ಕೆಲಸ ಮಾಡುತ್ತಾನೆ: ಎಲ್ಲದಕ್ಕೂ ಬ್ಯಾಟ್ ಬೀಸುತ್ತಾನೆ, ಇಲ್ಲವೇ ನೇರ ಸ್ಟಂಪಿಗೆ ಬರುವುದನ್ನು ಬಿಟ್ಟು ಬೌಲ್ಡ್ ಆಗುತ್ತಾನೆ.

ಅಮೆರಿಕದಲ್ಲಿರುವ ನನ್ನ ಅತ್ತೆಯ ಮಗ ಭಾವ ಈಗ ಬೇಸ್‌ಬಾಲ್ ಹುಚ್ಚ. ಅಪ್ಪನ ಕಣ್ಣಿನ ವಿಷಯ ವಿಚಾರಿಸಲು ಫೋನ್ ಮಾಡಿದಾಗ ನಾನು ಈ ಬಿಡುವ ಸುದ್ದಿ ತೆಗೆದೆ. ಅವನಿಗೆ ಖುಷಿಯೋ ಖುಷಿ. "ಇಲ್ಲಿ ಅದಕ್ಕೊಂದು ಹೆಸರೇ ಉಂಟು, ಪ್ಲೇಟ್ ಡಿಸಿಪ್ಲಿನ್" ಎಂದ. ಬ್ಯಾಟರ್ ಪಕ್ಕದಲ್ಲಿ ನೆಲಕ್ಕೆ ಹಾಸಿದ 17 ಇಂಚು ಅಗಲದ ಬಿಳಿ ಹಲಗೆಯೇ ಪ್ಲೇಟ್. ಅದರ ಮೇಲೆ, ಮೊಣಕಾಲಿನಿಂದ ಎದೆಯ ತನಕದ ಜಾಗದಲ್ಲಿ ಬಂದ ಚೆಂಡನ್ನು ಬಿಟ್ಟರೆ ತಪ್ಪು ಬ್ಯಾಟರಿನದ್ದು, ಅಂಥದ್ದು ಮೂರಾದರೆ ಔಟು. ಆ ಚೌಕದ ಹೊರಗೆ ಬಂದದ್ದನ್ನು ಬಿಟ್ಟರೆ ತಪ್ಪು ಎಸೆದವನದ್ದು, ಅಂಥದ್ದು ನಾಲ್ಕಾದರೆ ಬ್ಯಾಟರ್ ಆರಾಮಾಗಿ ನಡೆದು ಮೊದಲ ಬೇಸಿಗೆ ಹೋಗುತ್ತಾನೆ. ಭಾವನ ಮೆಚ್ಚಿನ ತಂಡದಲ್ಲಿ ಒಬ್ಬ ಸೆಂಟರ್ ಫೀಲ್ಡರ್ ಇದ್ದಾನಂತೆ. ಸೆಂಟರ್ ಫೀಲ್ಡರ್ ಎಂದರೆ ಮೈದಾನದ ಹಿಂಭಾಗದ ನಡುವಿನಲ್ಲಿ ನಿಂತು ಎಲ್ಲರಿಗಿಂತ ಹೆಚ್ಚು ಜಾಗ ಕಾಯುವವನು. ಓಟ, ಕ್ಯಾಚು, ಎಸೆತ ಎಲ್ಲ ಚೆನ್ನಾಗಿದ್ದರೂ ಬ್ಯಾಟ್ ಹಿಡಿದರೆ ಕಂಡಕಂಡದ್ದಕ್ಕೆ ಬೀಸುತ್ತಿದ್ದ. ಈಗ ಕೆಟ್ಟ ಚೆಂಡನ್ನು ಬಿಡಲು ಕಲಿತಿದ್ದಾನೆ. ಆದ್ದರಿಂದ ಎಸೆಯುವವನು ಒಳ್ಳೆಯ ಚೆಂಡು ಹಾಕಲೇಬೇಕು, ಅದನ್ನು ಇವನು ಹೊಡೆಯುತ್ತಾನೆ. "ಬಿಡ್ಲಿಕ್ಕೆ ಕಲಿತದ್ದಕ್ಕೆ ಹೊಡೆತವೂ ಸುಧಾರಿಸಿತು ಮಾರಾಯ" ಎಂದ ಭಾವ.

ಅವನು ಹೇಳಿದ್ದರಿಂದ ಟೆಡ್ ವಿಲಿಯಮ್ಸ್ ಎಂಬ ಹಳೆಯ ಆಟಗಾರನ ಬಗ್ಗೆ ಓದಿದೆ. 1941ರಲ್ಲಿ .406 ಸರಾಸರಿ ಹೊಡೆದವನು. 1970ರಲ್ಲಿ ಬ್ಯಾಟಿಂಗ್ ಕುರಿತು ಬರೆದ ಪುಸ್ತಕದಲ್ಲಿ ಆ ಚೌಕವನ್ನು 77 ಚೆಂಡುಗಳಷ್ಟು ಜಾಗವಾಗಿ ಭಾಗ ಮಾಡಿ, ಎಲ್ಲಿ ಬಂದರೆ ತಾನು ಎಷ್ಟು ಹೊಡೆಯಬಲ್ಲೆ ಎಂದು ಬರೆದಿಟ್ಟ. ನಡುವಿನಲ್ಲಿ .400, ಕೆಳಗಿನ ಹೊರಮೂಲೆಯಲ್ಲಿ .230. ಅಷ್ಟು ದೊಡ್ಡ ಆಟಗಾರ ತನಗೆ ಆಗದ ಜಾಗ ಯಾವುದೆಂದು ಚಿತ್ರ ಬರೆದು ತೋರಿಸಿದ್ದು ನನಗೆ ಇಷ್ಟವಾಯಿತು. ಮೈಕೆಲ್ ಲೂಯಿಸ್ 2003ರಲ್ಲಿ ಬರೆದ 'ಮನಿಬಾಲ್' ಪುಸ್ತಕದ ತಿರುಳೂ ಇದೇ ಸುತ್ತಿನದ್ದು. ಬಿಟ್ಟು ಬಿಟ್ಟು ಬೇಸ್ ಸೇರುವವರ ಬೆಲೆ ಮಾರುಕಟ್ಟೆಗೆ ಗೊತ್ತಿಲ್ಲದಿದ್ದಾಗ ಓಕ್‌ಲ್ಯಾಂಡಿನ ಬಡ ತಂಡವೊಂದು ಅಂಥವರನ್ನು ಕಡಿಮೆ ದುಡ್ಡಿಗೆ ಸೇರಿಸಿಕೊಂಡು 2002ರಲ್ಲಿ ಗೆಲ್ಲುತ್ತಾ ಹೋದ ಕತೆ.

ಕ್ರಿಕೆಟ್ಟಿನಲ್ಲಿ ಬಿಟ್ಟದ್ದಕ್ಕೆ ಯಾರೂ ಏನೂ ಕೊಡುವುದಿಲ್ಲ. ನಾಲ್ಕಲ್ಲ, ನಲ್ವತ್ತು ಬಿಟ್ಟರೂ ಒಂದು ರನ್ ಸಿಗುವುದಿಲ್ಲ. ಸಿಗುವುದು ಮುಂದಿನ ಚೆಂಡು ಮಾತ್ರ.

ಇಷ್ಟೆಲ್ಲ ತಿಳಿದಂತೆ ಬರೆಯುತ್ತಿದ್ದೇನೆ. ಹೇಳದೆ ಇದ್ದದ್ದನ್ನು ಈಗ ಹೇಳಬೇಕು.

2024ರ ಡಿಸೆಂಬರ್. ಆಸ್ಟ್ರೇಲಿಯಾ ಸರಣಿ ನಡೆಯುತ್ತಿತ್ತು. ನವೆಂಬರಿನ ಪರ್ತ್ ಟೆಸ್ಟಿನಲ್ಲಿ ರಾಹುಲ್ ಮತ್ತು ಜೈಸ್ವಾಲ್ ಮೊದಲ ವಿಕೆಟಿಗೆ 201 ಸೇರಿಸಿದ್ದರು, ಆ ನೆಲದಲ್ಲಿ ಭಾರತದ ಆರಂಭಿಕರ ಅತಿ ದೊಡ್ಡ ಜತೆಯಾಟ. ಡಿಸೆಂಬರ್ 17ರ ಬೆಳಿಗ್ಗೆ ಬ್ರಿಸ್ಬೇನ್‌ನಲ್ಲಿ ರಾಹುಲ್ 84 ಮಾಡಿದ. ಆವತ್ತು ನಾನು ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಬನ್ಸ್ ತಿನ್ನುತ್ತಾ ಫೋನಿನಲ್ಲಿ ಆಟ ನೋಡುತ್ತಿದ್ದೆ. ಅಪ್ಪ ಕಿಟಕಿಯ ಹತ್ತಿರ ನಿಂತಿದ್ದರು.

"ಈ ಸರಳು ಬಾಗಿದ ಹಾಗೆ ಕಾಣ್ತದಲ್ಲ," ಎಂದರು.

ನಾನು ತಲೆ ಎತ್ತಿ ನೋಡಿದೆ. ಸರಳು ನೆಟ್ಟಗಿತ್ತು. "ಕನ್ನಡಕ ಬದಲು ಮಾಡ್ಬೇಕು ಅಪ್ಪ. ಮುಂದಿನ ತಿಂಗಳು ಹೋಗುವಾ," ಎಂದೆ.

ಮುಂದಿನ ತಿಂಗಳು ಹೋಗಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಏಪ್ರಿಲಿನಲ್ಲಿ ಅಪ್ಪ ಪೇಪರ್ ಓದುವುದು ಬಿಟ್ಟಿದ್ದು ಕಂಡಿತು. ಕರೆಂಟಿನ ಬಿಲ್ಲಿನಲ್ಲಿ 3 ಮತ್ತು 8 ಬೆರೆಸಿ ಓದಿದ್ದು ಕಂಡಿತು. ವಯಸ್ಸಾಯಿತು ಎಂದುಕೊಂಡೆ. ಮೇ ಕೊನೆಯಲ್ಲಿ ಅವರು ಲೋಟಕ್ಕೆಂದು ಸುರಿದ ಚಹಾ ಮೇಜಿನ ಮೇಲೆ ಬಿದ್ದಾಗ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ರೆಟಿನಾದ ನಡುವಿನ ಮ್ಯಾಕುಲಾದ ಅಡಿಯಲ್ಲಿ ಬೇಡದ ರಕ್ತನಾಳಗಳು ಬೆಳೆದು ಸೋರಿವೆ ಎಂದರು. ವಯಸ್ಸಾದವರಿಗೆ ಬರುವ ಕಾಯಿಲೆಯೇ. ಕಣ್ಣಿನೊಳಗೆ ಇಂಜೆಕ್ಷನ್ ಕೊಟ್ಟು ಸೋರುವುದನ್ನು ತಡೆಯಬಹುದು, ಇರುವ ದೃಷ್ಟಿ ಉಳಿಸಬಹುದು, ಆದರೆ ಹೋದದ್ದು ಹೆಚ್ಚಾಗಿ ತಿರುಗಿ ಬರುವುದಿಲ್ಲ. "ನೆಟ್ಟಗಿನ ಗೆರೆ ಡೊಂಕಾಗಿ ಕಾಣುವುದು ಇದರ ಮೊದಲ ಲಕ್ಷಣ. ಆಗಲೇ ಬರಬೇಕಿತ್ತು. ಯಾವಾಗ ಶುರುವಾಯಿತು?" ಎಂದು ಡಾಕ್ಟರು ಕೇಳಿದರು.

ಅಪ್ಪ ನನ್ನ ಕಡೆ ಮುಖ ತಿರುಗಿಸಲಿಲ್ಲ. "ಈಗ ಒಂದು ತಿಂಗಳಾಯ್ತೇನೋ," ಎಂದರು.

ಕ್ರಿಕೆಟ್ಟಿನ ಎಲ್‌ಬಿಡಬ್ಲ್ಯು ನಿಯಮದಲ್ಲಿ ಒಂದು ವಿಷಯ ಉಂಟು. ಚೆಂಡು ಆಫ್ ಸ್ಟಂಪಿನ ಗೆರೆಯ ಹೊರಗೆ ಕಾಲಿಗೆ ಬಡಿದರೆ, ಅದು ಸ್ಟಂಪಿಗೆ ಹೋಗುವಂತಿದ್ದರೂ ಬ್ಯಾಟ್ಸ್‌ಮನ್ ಔಟಲ್ಲ. ಆದರೆ ಒಂದು ಷರತ್ತು, ಅವನು ಆಡಲು ಪ್ರಯತ್ನಿಸಿರಬೇಕು. ಬ್ಯಾಟ್ ಎತ್ತಿ ಬಿಟ್ಟವನಿಗೆ ಆ ರಕ್ಷಣೆ ಇಲ್ಲ. ಪ್ರಯತ್ನಿಸಿ ತಪ್ಪಿದವನಿಗೆ ಕಾನೂನು ಸ್ವಲ್ಪ ಮೆತ್ತಗೆ, ಬಿಟ್ಟು ತಪ್ಪಿದವನಿಗೆ ಗಟ್ಟಿ. ಇದನ್ನು ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿದ್ದೆ. ಆಸ್ಪತ್ರೆಯ ಬೆಂಚಿನಲ್ಲಿ ಕೂತಾಗ ಅದೇ ನೆನಪಾಗುತ್ತಿತ್ತು. ಹದಿನಾರನೆಯ ವರ್ಷದಲ್ಲಿ ಬಿಡಬೇಕಾದ್ದಕ್ಕೆ ಬ್ಯಾಟ್ ಬೀಸಿದವನು ಮೂವತ್ತೈದರಲ್ಲಿ ನೇರವಾಗಿ ಬಂದದ್ದನ್ನು ಬಿಟ್ಟೆ. ಎರಡಕ್ಕೂ ಕಾರಣ ಒಂದೇ, ನಾನು ಚೆಂಡನ್ನು ನೋಡಿರಲಿಲ್ಲ.

ಎರಡನೆಯ ಇಂಜೆಕ್ಷನ್ ಆದ ರಾತ್ರಿ ಅಪ್ಪನ ಮುಂದೆ ಹೇಳಿಬಿಟ್ಟೆ. ಡಿಸೆಂಬರಿನಲ್ಲೇ ನೀವು ಹೇಳಿದ್ದಿರಿ, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ, ಡಾಕ್ಟರ ಹತ್ತಿರ ನೀವು ಸುಳ್ಳು ಹೇಳಿದ್ದು ಯಾಕೆ ಎಂದು. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಮತ್ತೆ ಹೇಳಿದರು, "ನಾನೂ ಎರಡನೇ ಸಲ ಹೇಳಲಿಲ್ಲ ಅಲ್ವಾ. ನನಗೂ ಹೋಗ್ಲಿಕ್ಕೆ ಹೆದರಿಕೆ ಇತ್ತು." ಅಷ್ಟು ಹೇಳಿ, "ಬುಡ್ಲ ಮಾರಾಯ," ಎಂದರು. ಬಿಡು ಎಂದು. ಆ ಬಿಡುವಿಕೆಯನ್ನು ನಾನು ಒಪ್ಪಿಕೊಂಡಿಲ್ಲ. ಕ್ಷಮಿಸುವುದು ಅವರಿಗೆ ಬಿಟ್ಟದ್ದು, ಮರೆಯುವುದು ನನಗೆ ಬಿಟ್ಟದ್ದಲ್ಲ.

ಓಲ್ಡ್ ಟ್ರಾಫರ್ಡ್‌ನ ಆ ಸಂಜೆಗೆ ತಿರುಗಿ ಬರುತ್ತೇನೆ. ಊಟದ ವಿರಾಮದಲ್ಲಿ ಅಮ್ಮ ಕಷಾಯ ತಂದಿಟ್ಟರು. ವಿರಾಮ ಮುಗಿದು ಆಟ ಶುರುವಾಯಿತು, ನನ್ನ ಕೆಲಸವೂ.

"ಹೊರಗೆ. ಬಿಟ್ಟ. ಒಂದು ಗೇಣು ಹೊರಗಿತ್ತು."

"ಹ್ಞೂಂ."

"ಒಳಗೆ ಬಂತು. ಆಡಿದ, ಅಲ್ಲೇ ಕಾಲ ಬುಡಕ್ಕೆ."

"ಹ್ಞೂಂ."

"ಬಿಟ್ಟ. ಇದು ಹತ್ತಿರ. ನಾಲ್ಕು ಬೆರಳು."

"ಬ್ಯಾಟ್ ಎಲ್ಲಿತ್ತು?"

"ತಲೆಯ ಹತ್ತಿರ. ಎತ್ತಿಕೊಂಡಿದ್ದ."

"ಹಾಗಾದರೆ ಗೊತ್ತಿದ್ದು ಬಿಟ್ಟದ್ದು," ಎಂದು ಅಪ್ಪ ಕಷಾಯ ಕುಡಿದರು.

ಮಾತಿನ ನಡುವೆ ಅಪ್ಪ ಬುಧಿ ಕುಂದರನ್ ಹೆಸರು ತೆಗೆದರು. ನಮ್ಮ ಅಜ್ಜನ ಹೀರೋ ಅದು. ಮೂಲ್ಕಿಯಲ್ಲಿ ಹುಟ್ಟಿದ ಕುಂದರನ್ 18 ಟೆಸ್ಟ್ ಆಡಿದ ವಿಕೆಟ್ ಕೀಪರ್. 1964ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಆರಂಭಿಕನಾಗಿ ಇಳಿದು 192 ಹೊಡೆದಿದ್ದರು. 2013ರಲ್ಲಿ ಧೋನಿ 224 ಹೊಡೆಯುವ ತನಕ ಭಾರತದ ಕೀಪರನೊಬ್ಬನ ಅತಿ ದೊಡ್ಡ ಟೆಸ್ಟ್ ಸ್ಕೋರ್ ಅದೇ. 1967ರಲ್ಲಿ ಎಜ್‌ಬಾಸ್ಟನ್ ಟೆಸ್ಟಿನಲ್ಲಿ ವೇಗದ ಬೌಲರುಗಳಿಲ್ಲದೆ ಹೊಸ ಚೆಂಡನ್ನೂ ಅವರ ಕೈಗೇ ಕೊಟ್ಟರು. ಬ್ಯಾಟಿಂಗಿಗೂ ಮೊದಲಿಗ, ಬೌಲಿಂಗಿಗೂ ಮೊದಲಿಗ. "ಈ ಕಡೆಯವರನ್ನು ಎಲ್ಲಿ ಬೇಕಾದರೂ ಹಾಕ್ತಾರೆ," ಎಂದು ಅಪ್ಪ ನಕ್ಕರು.

ರಾಹುಲ್ ಕತೆಯೂ ಹಾಗೇ. ಏಕದಿನ ಪಂದ್ಯಗಳಲ್ಲಿ ಮೊದಲ ಪಂದ್ಯದಲ್ಲೇ, 2016ರ ಜೂನ್‌ನಲ್ಲಿ ಹರಾರೆಯಲ್ಲಿ, ಆರಂಭಿಕನಾಗಿ ಔಟಾಗದೆ 100 ಹೊಡೆದವನು. ಆಮೇಲೆ ಐದನೆಯ ಕ್ರಮಾಂಕಕ್ಕೆ ಹೋಗೆಂದರು, ಹೋದ. ಗ್ಲೌಸ್ ಹಾಕೆಂದರು, ಹಾಕಿದ. 2023ರ ವಿಶ್ವಕಪ್ಪಿನಲ್ಲಿ ಕೀಪಿಂಗ್ ಮಾಡುತ್ತಲೇ 452 ರನ್ ಗಳಿಸಿದ. ಅದರಲ್ಲಿ ಚೆನ್ನೈಯಲ್ಲಿ ಆಸ್ಟ್ರೇಲಿಯಾ ವಿರುದ್ಧ 2 ರನ್ನಿಗೆ 3 ವಿಕೆಟ್ ಬಿದ್ದಿದ್ದಾಗ ಆಡಿದ ಔಟಾಗದ 97 ಒಂದು. ಅದೇ ವರ್ಷದ ಡಿಸೆಂಬರಿನಲ್ಲಿ ಸೆಂಚುರಿಯನ್ ಟೆಸ್ಟಿನಲ್ಲಿ ಆರನೆಯವನಾಗಿ, ಕೀಪರನಾಗಿ 101. 2025ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಮತ್ತೆ ಆರನೆಯ ಕ್ರಮಾಂಕ. ಸೆಮಿಫೈನಲಿನಲ್ಲಿ ಔಟಾಗದ 42, ಫೈನಲಿನಲ್ಲಿ ಔಟಾಗದ 34. ಕಪ್ ಬಂತು. ಮೂರು ತಿಂಗಳ ಮೇಲೆ ಇಂಗ್ಲೆಂಡಿನಲ್ಲಿ ಮತ್ತೆ ಆರಂಭಿಕ.

ಎಲ್ಲಿ ಹಾಕಿದರೂ ಆಗುತ್ತದೆ ಎನ್ನುವುದು ಹೊಗಳಿಕೆಯೂ ಹೌದು, ಶಾಪವೂ ಹೌದು. ಅಂಥವರಿಗೆ ತಮ್ಮದೆಂಬ ಕುರ್ಚಿ ಸಿಗುವುದಿಲ್ಲ. ತಪ್ಪಾದರೆ ಮೊದಲು ಕಾಣುವುದು ಅವರೇ. 2023ರ ವಿಶ್ವಕಪ್ ಫೈನಲಿನಲ್ಲಿ 107 ಎಸೆತಕ್ಕೆ 66, ಒಂದೇ ಬೌಂಡರಿ. ಆ ನಿಧಾನವನ್ನು ಜನ ಇನ್ನೂ ಮರೆತಿಲ್ಲ, ಬಿಡುವುದು ಎಲ್ಲ ಆಟಕ್ಕೂ ಔಷಧಿಯಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ. ಹತ್ತು ವರ್ಷ ಆಡಿದ ಮೇಲೂ ಅವನ ಟೆಸ್ಟ್ ಸರಾಸರಿ 35ರ ಆಸುಪಾಸಿನಲ್ಲಿದೆ. ದ್ರಾವಿಡ್‌ನ 52ರ ಪಕ್ಕ ಇಟ್ಟರೆ ಸಣ್ಣದೇ. ನನಗೆ ಅಪ್ಪನ ಬ್ಯಾಂಕಿನ ದಿನಗಳು ನೆನಪಾದವು. ಕ್ಯಾಷಿಯರ್ ರಜೆಯಾದರೆ ಕ್ಯಾಷ್ ಕೌಂಟರ್, ಲೆಡ್ಜರಿನವನು ಇಲ್ಲದಿದ್ದರೆ ಲೆಡ್ಜರ್, ಹೊಸ ಶಾಖೆ ತೆರೆದರೆ ಅಲ್ಲಿಗೆ ಮೂರು ತಿಂಗಳು. ನಿವೃತ್ತಿಯ ದಿನ ಶಾಲು ಹೊದಿಸಿದವರು ಯಾವ ಕೆಲಸಕ್ಕಾಗಿ ಹೊಗಳಬೇಕೆಂದು ಗೊತ್ತಾಗದೆ "ಸರಳ ಸಜ್ಜನಿಕೆ" ಎಂದು ಮುಗಿಸಿದ್ದರು. ಅಪ್ಪ ಒಂದು ದಿನವೂ ಆ ಬಗ್ಗೆ ಕೊರಗಿದ್ದನ್ನು ನಾನು ಕೇಳಿಲ್ಲ. ಕೊರಗಿರಲಿಲ್ಲ ಎಂದು ಮಾತ್ರ ಈಗ ಹೇಳಲಾರೆ. ಅವರು ಒಂದು ಸಲ ಹೇಳಿ ಸುಮ್ಮನಾಗುವವರು, ನಾನು ಕೇಳಿಸಿಕೊಳ್ಳದೆ ಇದ್ದವನು.

ರಾತ್ರಿ ಹನ್ನೊಂದರ ಹೊತ್ತಿಗೆ ಆಟ ನಿಂತಾಗ ಸ್ಕೋರು 2ಕ್ಕೆ 174. ಸೊನ್ನೆಗೆ ಎರಡು ಹಾಗೇ ಉಳಿದಿತ್ತು, ಮೂರನೆಯದು ಬಿದ್ದಿರಲಿಲ್ಲ. ಮರುದಿನ ರಾಹುಲ್ 90ರಲ್ಲಿ ಬೆನ್ ಸ್ಟೋಕ್ಸ್‌ಗೆ ಎಲ್‌ಬಿಡಬ್ಲ್ಯು ಆದ. 230 ಎಸೆತ. ಗಿಲ್ ಜತೆ 188 ರನ್ ಸೇರಿಸಿದ್ದ. ಶತಕ ತಪ್ಪಿತೆಂದು ನಾನು "ಛೆ" ಎಂದೆ. ಅಪ್ಪ ಅದಕ್ಕೆ ಕಿವಿಗೊಡದೆ, "ಎಷ್ಟು ಬಾಲ್ ಆಡಿದ ಅಂದೆ? ಇನ್ನೂರ ಮೂವತ್ತಾ?" ಎಂದು ಎರಡು ಸಲ ಕೇಳಿ ಖಾತರಿ ಮಾಡಿಕೊಂಡರು. ಜಡೇಜ ಮತ್ತು ವಾಷಿಂಗ್ಟನ್ ಸುಂದರ್ ಶತಕ ಹೊಡೆದು ಪಂದ್ಯ ಡ್ರಾ ಮಾಡಿದರು. ಸರಣಿಯಲ್ಲಿ ರಾಹುಲ್ ಹತ್ತು ಇನಿಂಗ್ಸಿನಲ್ಲಿ 532 ರನ್ ಗಳಿಸಿದ. ಲೀಡ್ಸ್‌ನಲ್ಲಿ 137, ಲಾರ್ಡ್ಸ್‌ನಲ್ಲಿ 100. ಎರಡೂ ಟೆಸ್ಟ್ ನಾವು ಸೋತೆವು. ಲಾರ್ಡ್ಸ್‌ನಲ್ಲಿ ಊಟದ ಮೊದಲು ಶತಕ ಮುಗಿಸುವ ಆತುರದ ಒಂದು ರನ್ನಿಗೆ ಪಂತ್ ರನೌಟ್ ಆದ ಎಂಬುದನ್ನೂ ಅಪ್ಪನಿಗೆ ಹೇಳಬೇಕಾಯಿತು. ಅಷ್ಟು ಬಿಟ್ಟವನಿಗೂ ಆ ಒಂದು ರನ್ ಬಿಡಲಾಗಲಿಲ್ಲ. "ಮನುಷ್ಯ ಅಲ್ವಾ," ಎಂದರು ಅಪ್ಪ.

ಈಗ ನಮ್ಮ ಫ್ರಿಜ್ಜಿನ ಬಾಗಿಲಲ್ಲಿ ಒಂದು ಚೌಕಗಳ ಕಾಗದ ಅಂಟಿಸಿದೆ. ಕಣ್ಣಿನ ಡಾಕ್ಟರು ಕೊಟ್ಟದ್ದು. ನಡುವೆ ಒಂದು ಚುಕ್ಕೆ, ಸುತ್ತ ಅಡ್ಡ ಉದ್ದ ಗೆರೆಗಳು. ದಿನಾ ಬೆಳಿಗ್ಗೆ ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಚುಕ್ಕೆ ನೋಡಬೇಕು, ಗೆರೆಗಳು ನಿನ್ನೆಗಿಂತ ಡೊಂಕಾಗಿವೆಯೇ, ಎಲ್ಲಾದರೂ ಹೊಸದಾಗಿ ಅಳಿಸಿಹೋಗಿವೆಯೇ ಎಂದು ಹೇಳಬೇಕು. ಅಪ್ಪನ ಬಲಗಣ್ಣಿಗೆ ನಡುವಿನ ಚುಕ್ಕೆ ಕಾಣುವುದಿಲ್ಲ, ಬದಿಯ ಚೌಕಗಳು ಕಾಣುತ್ತವೆ. ಎಡಗಣ್ಣಿನದ್ದು ಮಸುಕು, ಆದರೆ ಗೆರೆಗಳು ನೆಟ್ಟಗಿವೆ. ಉಳಿದಿರುವ ಆ ಕಣ್ಣನ್ನು ಕಾಯಬೇಕು.

ಕೆಲಸಕ್ಕೆ ಹೊರಡುವ ಮೊದಲು ಫೋನು ಬದಿಗಿಟ್ಟು ನಾನೂ ಫ್ರಿಜ್ಜಿನ ಹತ್ತಿರ ನಿಲ್ಲುತ್ತೇನೆ.

"ಗೆರೆ ಹೇಗುಂಟು ಅಪ್ಪ?"

"ನಿನ್ನೆಯ ಹಾಗೇ."

"ಮೇಲಿನ ಮೂಲೆ?"

"ನೆಟ್ಟಗುಂಟು."

"ಕೆಳಗಿನದ್ದು?"

ಅಪ್ಪನಿಗೆ ಸಿಟ್ಟು ಬರುತ್ತದೆ. "ದಿನಾ ಎಷ್ಟು ಕೇಳ್ತಿ, ಬಿಡು ಮಾರಾಯ," ಎನ್ನುತ್ತಾರೆ. ನಾನು ಕೆಳಗಿನ ಮೂಲೆಗೆ ಬೆರಳಿಟ್ಟು ನಿಂತಿರುತ್ತೇನೆ, ಅವರು ನೋಡಿ ಹೇಳುವ ತನಕ.